ನಡೆಯದ ಇತಿಹಾಸಕ್ಕೂ ಇಸವಿ ಬೇಕೆ?



ಇತಿಹಾಸದ ಪರೀಕ್ಷೆಯ ಹಿಂದಿನ ರಾತ್ರಿ ಇಸವಿಗಳನ್ನು ಬಾಯಿಪಾಠ ಮಾಡುತ್ತ ಕುಳಿತಾಗ, ಈ ಇಸವಿಗಳೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಿಮ್ಮಲ್ಲಿ ಅನೇಕರಿಗೆ ಅನ್ನಿಸಿರಬೇಕು. ನಾನು ವಿಜ್ಞಾನದ ವಿದ್ಯಾರ್ಥಿ. ನನಗಂತೂ ಹಾಗೆ ಅನ್ನಿಸಿದ್ದುಂಟು. ಆದರೆ ಎಂದೂ ನಡೆಯದ ಒಂದು ಇತಿಹಾಸಕ್ಕೆ ತಾವಾಗಿಯೇ ಇಸವಿ, ದಿನಾಂಕಗಳನ್ನು ಬರೆದಿಟ್ಟು, ಅದರಲ್ಲಿ ಒಂದು ದಿನ ತಪ್ಪಿದರೂ ವಾದಕ್ಕೆ ನಿಲ್ಲುವ ಜನರಿದ್ದಾರೆ ಎಂದರೆ ನಂಬುವಿರಾ? ಅವರು ಇತಿಹಾಸಕಾರರಲ್ಲ, ಒಂದು ಆಟದ ಆಟಗಾರರು. ಈ ಸಲದ ಮಾತುಕತೆಗೆ ನಾನು ಆರಿಸಿಕೊಂಡಿರುವುದು ಅವರ ಕಥೆಯನ್ನು. ಅಧಿಕೃತ ಎಂಬ ಮಾತಿಗೆ ಅರ್ಥವೇನು, ಅದನ್ನು ಎಲ್ಲಿ ಒಪ್ಪಬೇಕು, ಎಲ್ಲಿ ಪ್ರಶ್ನಿಸಬೇಕು ಎಂಬುದನ್ನು ಈ ಕಥೆ ನನಗೆ ಕಲಿಸಿತು.

ಆಟ ಯಾವುದು?

ಆಟದ ಹೆಸರು ‘ಟ್ರಾವೆಲರ್’, ಅಂದರೆ ಪ್ರಯಾಣಿಕ. ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿ 1973ರಲ್ಲಿ ಆರಂಭವಾದ ‘ಗೇಮ್ ಡಿಸೈನರ್ಸ್ ವರ್ಕ್‌ಷಾಪ್’ ಎಂಬ ಸಣ್ಣ ಸಂಸ್ಥೆ 1977ರಲ್ಲಿ ಇದನ್ನು ಪ್ರಕಟಿಸಿತು. ಇದರ ಮುಖ್ಯ ಕರ್ತೃ ಮಾರ್ಕ್ ಮಿಲ್ಲರ್. ಫ್ರಾಂಕ್ ಚಾಡ್ವಿಕ್, ಜಾನ್ ಹಾರ್ಷ್‌ಮನ್, ಲೋರೆನ್ ವೈಸ್‌ಮನ್ ಅವರು ಜೊತೆಗೂಡಿದವರು. ಒಂದು ಡಬ್ಬಿಯಲ್ಲಿ ಕಪ್ಪು ಹೊದಿಕೆಯ ಮೂರು ಪುಟ್ಟ ಪುಸ್ತಕಗಳು. ಆಟದ ಮಣೆಯಿಲ್ಲ, ಕಾಯಿಗಳಿಲ್ಲ.

ಹಾಗಾದರೆ ಆಡುವುದು ಹೇಗೆ? ನಾಲ್ಕೈದು ಗೆಳೆಯರು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ: ಒಬ್ಬ ನಿವೃತ್ತ ನೌಕಾಧಿಕಾರಿ, ಒಬ್ಬ ವ್ಯಾಪಾರಿ, ಒಬ್ಬಳು ವೈದ್ಯೆ. ಇನ್ನೊಬ್ಬರು ರೆಫರಿ. ‘ನಿಮ್ಮ ಅಂತರಿಕ್ಷ ನೌಕೆ ಒಂದು ಗ್ರಹದ ಬಂದರಿಗೆ ಬಂದಿಳಿದಿದೆ, ಅಲ್ಲಿ ದಂಗೆ ಎದ್ದಿದೆ, ಏನು ಮಾಡುವಿರಿ?’ ಎಂದು ರೆಫರಿ ಕೇಳುತ್ತಾರೆ. ಆಟಗಾರರು ಉತ್ತರಿಸುತ್ತಾರೆ. ಫಲ ಅನಿಶ್ಚಿತವಾಗಿರುವಲ್ಲಿ ದಾಳ ಉರುಳುತ್ತದೆ. ಹೀಗೆ ಕಥೆ ವಾರದಿಂದ ವಾರಕ್ಕೆ, ಕೆಲವೆಡೆ ವರ್ಷಾನುಗಟ್ಟಲೆ ಮುಂದುವರಿಯುತ್ತದೆ. ಇದು ಪಾತ್ರಾಭಿನಯದ ಆಟ. ರಂಗವಿಲ್ಲದ, ಪ್ರೇಕ್ಷಕರಿಲ್ಲದ ನಾಟಕ ಎನ್ನಿ.

ಪದವಿ ತರಗತಿಯಲ್ಲಿದ್ದಾಗ ಹಾಸ್ಟೆಲ್ಲಿನ ಗೆಳೆಯನೊಬ್ಬನ ಬಳಿ ಈ ಪುಸ್ತಕಗಳ ಮಸುಕಾದ ಜೆರಾಕ್ಸ್ ಪ್ರತಿಯನ್ನು ನಾನು ಮೊದಲು ಕಂಡೆ. ನಾಲ್ಕು ಸಂಜೆ ಆಡಿದೆವು, ಅಷ್ಟೆ. ಆದರೆ ಅದರ ಜೊತೆಗಿದ್ದ ಒಂದು ಕಾಲಪಟ್ಟಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಇತಿಹಾಸ ಹುಟ್ಟಿದ ಬಗೆ

ಮೊದಲ ಮೂರು ಪುಸ್ತಕಗಳಲ್ಲಿ ಇತಿಹಾಸ ಎಂಬುದೇ ಇರಲಿಲ್ಲವೆನ್ನಬಹುದು. ನಿಯಮಗಳನ್ನು ಕೊಟ್ಟಿದ್ದೇವೆ, ಲೋಕವನ್ನು ನೀವೇ ಕಟ್ಟಿಕೊಳ್ಳಿ ಎಂಬುದು ಅವರ ಧೋರಣೆಯಾಗಿತ್ತು. ಆದರೆ ಲೋಕವನ್ನು ಕಟ್ಟುವುದು ಸುಲಭದ ಕೆಲಸವಲ್ಲ. ಸಿದ್ಧ ಲೋಕಕ್ಕೆ ಬೇಡಿಕೆ ಬಂತು. 1979ರಲ್ಲಿ ‘ಸ್ಪಿನ್‌ವರ್ಡ್ ಮಾರ್ಚಸ್’ ಎಂಬ ಪುಸ್ತಿಕೆ ಹೊರಬಂತು. ಉದ್ದಗಲ 40 ಮತ್ತು 32 ಪಾರ್ಸೆಕ್ ಇರುವ ಒಂದು ಗಡಿಪ್ರದೇಶದ ನಕ್ಷೆ, ಅದರಲ್ಲಿ ನಾನೂರಕ್ಕೂ ಹೆಚ್ಚು ಲೋಕಗಳು. ಪ್ರತಿಯೊಂದು ಲೋಕದ ಗಾತ್ರ, ವಾತಾವರಣ, ನೀರು, ಜನಸಂಖ್ಯೆ, ಸರ್ಕಾರ ಎಲ್ಲವನ್ನೂ ಅಕ್ಷರ ಮತ್ತು ಅಂಕಿಗಳ ಒಂದು ಸಂಕೇತದಲ್ಲಿ ಬರೆದಿದ್ದರು.

ಈ ಗಡಿಪ್ರದೇಶ ಯಾವ ರಾಜ್ಯದ ಗಡಿ? ಅದಕ್ಕೆ ಉತ್ತರವಾಗಿ ಬಂದದ್ದು ಮೂರನೆಯ ಸಾಮ್ರಾಜ್ಯ. ಮೂರನೆಯದು ಎಂದ ಮೇಲೆ ಮೊದಲನೆಯದೂ ಎರಡನೆಯದೂ ಇರಲೇಬೇಕಲ್ಲ! ಹೀಗೆ ಒಂದು ಹೆಸರಿನಿಂದಲೇ ಸಾವಿರಾರು ವರ್ಷಗಳ ಹಿನ್ನೆಲೆ ಹುಟ್ಟಿತು. ಮೊದಲನೆಯದು ವಿಲಾನಿಗಳ ಸಾಮ್ರಾಜ್ಯ. ಭೂಮಿಯ ಜನ ಅದನ್ನು ಗೆದ್ದು ಆಳಿದ್ದು ಎರಡನೆಯದು. ಅದು ಕುಸಿದ ಮೇಲೆ ‘ದೀರ್ಘ ರಾತ್ರಿ’ ಎಂಬ ಕತ್ತಲೆಯ ಕಾಲ. ಬಳಿಕ ಕ್ರಿ.ಶ. 4521ರಲ್ಲಿ ಕ್ಲಿಯಾನ್ ಎಂಬಾತ ಮೂರನೆಯ ಸಾಮ್ರಾಜ್ಯವನ್ನು ಸ್ಥಾಪಿಸುತ್ತಾನೆ. ಅದೇ ಸಾಮ್ರಾಜ್ಯ ಶಕದ ಸೊನ್ನೆ ವರ್ಷ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಭೂಮಿಗೂ ಮೊದಲ ಸಾಮ್ರಾಜ್ಯಕ್ಕೂ ನಡೆದ ಯುದ್ಧಗಳು ಮೊದಲು ಬೇರೊಂದು ಆಟದಲ್ಲಿ ಕಾಣಿಸಿಕೊಂಡವು. ಅದೇ ಸಂಸ್ಥೆ 1977ರಲ್ಲಿಯೇ ‘ಇಂಪೀರಿಯಮ್’ ಎಂಬ ಮಣೆಯ ಮೇಲಿನ ಯುದ್ಧದ ಆಟವನ್ನು ಪ್ರಕಟಿಸಿತ್ತು. ಅದರಲ್ಲಿ ಯಾರು ಬೇಕಾದರೂ ಗೆಲ್ಲಬಹುದಿತ್ತು. ಆ ಆಟದ ಕಥೆಯನ್ನು ‘ಟ್ರಾವೆಲರ್’ ತನ್ನ ಪೂರ್ವೇತಿಹಾಸವಾಗಿ ಸೇರಿಸಿಕೊಂಡಾಗ ಭೂಮಿಯೇ ಗೆದ್ದಿತು ಎಂದು ನಿಶ್ಚಯವಾಯಿತು. ಆಟದಲ್ಲಿ ತೆರೆದಿದ್ದ ಬಾಗಿಲುಗಳಲ್ಲಿ ಒಂದನ್ನುಳಿದು ಮಿಕ್ಕವು ಇತಿಹಾಸದಲ್ಲಿ ಮುಚ್ಚಿದವು. ಮುಂದೆ ಬರಲಿದ್ದ ತೊಡಕಿನ ಮೊದಲ ಸುಳಿವು ಇದೇ.

ದಿನ ಎಣಿಸುವ ಕ್ರಮ

ಈ ಕಲ್ಪಿತ ಶಕದ ವರ್ಷಕ್ಕೆ 365 ದಿನ. ತಿಂಗಳುಗಳಿಲ್ಲ. ವರ್ಷದ ಮೊದಲ ದಿನ ರಜಾದಿನ, ಅದು ಯಾವ ವಾರಕ್ಕೂ ಸೇರುವುದಿಲ್ಲ. ಉಳಿದ 364 ದಿನಗಳು ಏಳು ದಿನದ 52 ವಾರಗಳಾಗಿ ಸರಿಯಾಗಿ ಹಂಚಿಹೋಗುತ್ತವೆ. ದಿನದ ಸಂಖ್ಯೆ ಮೊದಲು, ವರ್ಷ ಆಮೇಲೆ: 132-1116 ಎಂದರೆ 1116ನೆಯ ವರ್ಷದ 132ನೆಯ ದಿನ. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕವನ್ನು ಪಡೆಯುವಂತೆ, ಇಲ್ಲಿ 4521 ಕೂಡಿಸಬೇಕು. 1105 ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 5626.

ಇನ್ನು ವಿಜ್ಞಾನದ ವಿಷಯ. ಈ ಲೋಕದಲ್ಲಿ ನೌಕೆಗಳು ನಕ್ಷತ್ರದಿಂದ ನಕ್ಷತ್ರಕ್ಕೆ ‘ಜಿಗಿಯುತ್ತವೆ’. ಒಂದು ಜಿಗಿತದಲ್ಲಿ ಯಂತ್ರದ ಶಕ್ತಿಗೆ ತಕ್ಕಂತೆ ಒಂದರಿಂದ ಆರು ಪಾರ್ಸೆಕ್ ದೂರ ಹೋಗಬಹುದು. ದೂರ ಎಷ್ಟೇ ಇರಲಿ, ಹಿಡಿಯುವ ಕಾಲ ಸುಮಾರು ಒಂದು ವಾರ. ಬೆಳಕಿಗಿಂತ ವೇಗವಾಗಿ ಹೋಗುವ ರೇಡಿಯೋ ಮಾತ್ರ ಇಲ್ಲ. ಆದ್ದರಿಂದ ಸುದ್ದಿಯೂ ನೌಕೆಯಲ್ಲೇ ಹೋಗಬೇಕು.

ಲೆಕ್ಕ ಹಾಕಿ ನೋಡಿ. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ. 40 ಪಾರ್ಸೆಕ್ ದೂರದ ಲೋಕಕ್ಕೆ ರೇಡಿಯೋ ಸಂದೇಶ ಕಳಿಸಿದರೆ ಅದು ತಲಪಲು 130 ವರ್ಷ ಬೇಕು. ಜಿಗಿತಕ್ಕೆ ನಾಲ್ಕು ಪಾರ್ಸೆಕ್ ಹೋಗುವ ಅಂಚೆ ನೌಕೆಗಾದರೆ ಹತ್ತು ಜಿಗಿತ, ಅಂದರೆ ಕಡಿಮೆಯೆಂದರೂ ಹತ್ತು ವಾರ. ರಾಜಧಾನಿಯಿಂದ ಸ್ಪಿನ್‌ವರ್ಡ್ ಮಾರ್ಚಸ್ ಇನ್ನೂ ದೂರ. ಚಕ್ರವರ್ತಿ ತೀರಿಕೊಂಡರೆ ಗಡಿಯ ಪ್ರಜೆಗಳು ತಿಂಗಳುಗಟ್ಟಲೆ ಅವನ ಹೆಸರಿನಲ್ಲೇ ಆಡಳಿತ ನಡೆಸುತ್ತಿರುತ್ತಾರೆ. ಅವರ ದಾಖಲೆ ಸುಳ್ಳಲ್ಲ, ಅವರಿಗೆ ಗೊತ್ತಿದ್ದಷ್ಟು ನಿಜ. ಘಟನೆ ನಡೆದ ದಿನ ಬೇರೆ, ಅದು ತಿಳಿದ ದಿನ ಬೇರೆ, ಬರೆದ ದಿನ ಬೇರೆ. ನಿಜವಾದ ಇತಿಹಾಸ ಓದುವವರೂ ನೆನಪಿಡಬೇಕಾದ ಪಾಠ ಇದು.

ಗಡಿಯಾರ ಓಡಲಾರಂಭಿಸಿತು

1979ರಲ್ಲಿಯೇ ಸಂಸ್ಥೆ ಒಂದು ಪತ್ರಿಕೆಯನ್ನು ಹೊರಡಿಸಿತು. ಅದರ ಹೆಸರು ‘ಜರ್ನಲ್ ಆಫ್ ದ ಟ್ರಾವೆಲರ್ಸ್ ಏಡ್ ಸೊಸೈಟಿ’. ಅದರಲ್ಲಿ ‘ಟ್ರಾವೆಲರ್ ನ್ಯೂಸ್ ಸರ್ವೀಸ್’ ಎಂಬ ಅಂಕಣ. ಪತ್ರಿಕೆಯ ಸುದ್ದಿಯಂತೆಯೇ ಊರು, ದಿನಾಂಕ ಹಾಕಿ ಆ ಲೋಕದ ವಾರ್ತೆಗಳನ್ನು ಕೊಡುತ್ತಿದ್ದರು. ವಾರ್ತೆ ಆರಂಭವಾದದ್ದು 1105ರಲ್ಲಿ. ಇಲ್ಲಿ ಒಂದು ವರ್ಷ ಕಳೆದರೆ ಅಲ್ಲಿಯೂ ಸುಮಾರು ಒಂದು ವರ್ಷ ಕಳೆಯುತ್ತಿತ್ತು. 1981ರ ಹೊತ್ತಿಗೆ ಅಲ್ಲಿ 1107, ಅಷ್ಟರಲ್ಲಿ ಐದನೆಯ ಗಡಿಯುದ್ಧ ಆರಂಭವಾಗಿತ್ತು. ಗಡಿಯಾಚೆಯ ಝೋಡಾನಿಗಳು ಸಾಮ್ರಾಜ್ಯದ ಮೇಲೆ ಏರಿ ಬಂದಿದ್ದರು. 1110ರಲ್ಲಿ ಕದನವಿರಾಮ.

ಓದುಗರಿಗೆ ಇದು ಹಬ್ಬವೇ ಆಯಿತು. ತಾವು ಆಡುತ್ತಿದ್ದ ಲೋಕ ತಾವು ಆಡದಿರುವಾಗಲೂ ಬದುಕಿದೆ ಎಂಬ ಭಾವನೆ ಅದು. ಆದರೆ ತೊಡಕೂ ಬಂತು. ಅದೇ 1981ರಲ್ಲಿ ಈ ಯುದ್ಧವನ್ನೇ ಕುರಿತ ಮಣೆಯ ಆಟವನ್ನೂ ಸಂಸ್ಥೆ ಮಾರಿತು. ನೀವು ಅದನ್ನು ಕೊಂಡು ಝೋಡಾನಿಗಳ ಪರವಾಗಿ ಆಡಿ ಗೆದ್ದಿರಿ ಎನ್ನಿ. ಅಥವಾ ನಿಮ್ಮ ಮೇಜಿನ ಸುತ್ತ ನಡೆದ ಆಟದಲ್ಲಿ ನಿಮ್ಮ ಗೆಳೆಯರು ಒಂದು ಲೋಕವನ್ನು ಶತ್ರುವಿನಿಂದ ಉಳಿಸಿದರು ಎನ್ನಿ. ಎರಡು ತಿಂಗಳ ಬಳಿಕ ಪತ್ರಿಕೆಯಲ್ಲಿ ಬೇರೆಯೇ ಸುದ್ದಿ ಬಂದರೆ ಯಾವುದು ನಿಜ? ಅಚ್ಚಾದದ್ದೋ, ನೀವು ಆಡಿದ್ದೋ?

ಆಟಗಾರರು ಇದಕ್ಕೆ ಸರಳವಾದ ಒಂದು ಪರಿಹಾರವನ್ನು ಕಂಡುಕೊಂಡರು. ಅಚ್ಚಾದದ್ದನ್ನು ‘ಅಧಿಕೃತ ವಿಶ್ವ’ ಎಂದು ಕರೆದರು. ತಾವು ಆಡುವುದನ್ನು ‘ನನ್ನ ವಿಶ್ವ’ ಎಂದು ಕರೆದರು. ‘ನನ್ನ ವಿಶ್ವದಲ್ಲಿ ಆ ಲೋಕ ಉಳಿಯಿತು’ ಎಂದರೆ ಯಾರೂ ಆಕ್ಷೇಪಿಸುವಂತಿಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ ಎಂದರೆ ವ್ಯಾಸಭಾರತ ಅಳಿಸಿಹೋಗುವುದಿಲ್ಲವಲ್ಲ, ಹಾಗೆ.

ಪಾಠ, ಪಾಠಾಂತರ, ಪ್ರಕ್ಷಿಪ್ತ

ಕನ್ನಡ ಎಂ.ಎ. ಓದುವವರಿಗೆ ಗ್ರಂಥಸಂಪಾದನೆಯ ಈ ಮೂರು ಮಾತುಗಳು ಗೊತ್ತಿರುತ್ತವೆ. ಟ್ರಾವೆಲರ್ ಆಟಗಾರರಿಗೂ ಇವೇ ಸಮಸ್ಯೆಗಳು ಎದುರಾದವು. ಮೂಲ ಸಂಸ್ಥೆಯೊಂದೇ ಪುಸ್ತಕಗಳನ್ನು ಬರೆಯಲಿಲ್ಲ. ಜಡ್ಜಸ್ ಗಿಲ್ಡ್, ಪ್ಯಾರನೋಯಾ ಪ್ರೆಸ್, ಫಾಸಾ, ಗೇಮ್‌ಲಾರ್ಡ್ಸ್, ಮುಂದೆ ಡೈಜೆಸ್ಟ್ ಗ್ರೂಪ್ ಎಂಬ ಪ್ರಕಾಶಕರು ಪರವಾನಗಿ ಪಡೆದು ತಮ್ಮ ತಮ್ಮ ಪುಸ್ತಕಗಳನ್ನು ತಂದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಹೊಂದಲಿಲ್ಲ. ಎಲ್ಲವೂ ಪರವಾನಗಿಯ ಪುಸ್ತಕಗಳೇ. ಆದರೆ ಎಲ್ಲವೂ ಪ್ರಮಾಣವೆ?

ಇನ್ನೊಂದು ಬಗೆಯ ತೊಡಕು ದಾಳದಿಂದ ಬಂತು. ಲೋಕಗಳ ಗುಣಗಳನ್ನು ದಾಳ ಉರುಳಿಸಿ ನಿರ್ಧರಿಸುವುದು ಆಟದ ಕ್ರಮ. ಆದ್ದರಿಂದ ಕೆಲವೆಡೆ ಪುಟ್ಟ ಗ್ರಹಕ್ಕೆ ದಟ್ಟ ವಾತಾವರಣ ಬಂದುಬಿಟ್ಟಿತು. ಗಾತ್ರ ಚಿಕ್ಕದಾದಷ್ಟೂ ಗುರುತ್ವ ಕಡಿಮೆ. ಗುರುತ್ವ ಕಡಿಮೆಯಾದರೆ ಅನಿಲಗಳು ಬಹುಕಾಲ ನಿಲ್ಲುವುದಿಲ್ಲ. ನಮ್ಮ ಚಂದ್ರನೇ ಇದಕ್ಕೆ ಸಾಕ್ಷಿ. ಇಂಥ ತಪ್ಪು ಕಂಡಾಗ ಏನು ಮಾಡಬೇಕು?

ದಾರಿಗಳು ಮೂರು. ಒಂದನೆಯದು, ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತಿದ್ದಿಬಿಡುವುದು. ಎರಡನೆಯದು, ‘ಹಿಂದೆ ಹೀಗೆ ಹೇಳಿದ್ದೆವು, ಅದು ತಪ್ಪು, ಇನ್ನು ಹೀಗೆ’ ಎಂದು ಒಪ್ಪೋಲೆ ಕೊಡುವುದು. ಮೂರನೆಯದು, ತಪ್ಪನ್ನೇ ಉಳಿಸಿಕೊಂಡು ಅದಕ್ಕೊಂದು ಕಾರಣ ಹುಡುಕುವುದು. ಬಹಳ ಹಿಂದಿನವರು ಆ ಗ್ರಹದ ವಾತಾವರಣವನ್ನು ಕೃತಕವಾಗಿ ನಿರ್ಮಿಸಿದರು, ಅದು ಈಗ ನಿಧಾನವಾಗಿ ಸೋರಿಹೋಗುತ್ತಿದೆ ಎಂಬಂತೆ. ಆಟಗಾರರಿಗೆ ಹೆಚ್ಚು ಪ್ರಿಯವಾದದ್ದು ಈ ಮೂರನೆಯದು. ಏಕೆಂದರೆ ಒಂದು ತಪ್ಪಿನಿಂದ ಒಂದು ಹೊಸ ಕಥೆ ಹುಟ್ಟುತ್ತದೆ. ಕಲ್ಪಿತ ಲೋಕದಲ್ಲಿ ಇದು ಜಾಣತನ. ನಿಜವಾದ ಇತಿಹಾಸದಲ್ಲಿ ಮಾತ್ರ ಇದು ಅಪಾಯ. ಅಲ್ಲಿ ಪುರಾವೆಯಿಲ್ಲದ ಕಾರಣವನ್ನು ಹುಡುಕಿ ಹಚ್ಚಿದರೆ ಅದು ಕಟ್ಟುಕಥೆ.

ಚಕ್ರವರ್ತಿಯ ಹತ್ಯೆ

1987ರಲ್ಲಿ ಆಟದ ಹೊಸ ಆವೃತ್ತಿ ‘ಮೆಗಾಟ್ರಾವೆಲರ್’ ಬಂತು. ಅದರ ಇತಿಹಾಸ 132-1116ರಂದು ತಿರುವು ಪಡೆಯುತ್ತದೆ. ಆ ದಿನ ದುಲಿನೋರ್ ಎಂಬ ಆರ್ಚ್‌ಡ್ಯೂಕ್ ದರ್ಬಾರಿನಲ್ಲೇ ಚಕ್ರವರ್ತಿ ಸ್ಟ್ರೆಫನ್‌ನನ್ನು ಕೊಲ್ಲುತ್ತಾನೆ. ವರ್ಷಕ್ಕೊಂದು ವರ್ಷ ಎಂಬ ಹಳೆಯ ನಡಿಗೆಯ ಪ್ರಕಾರ 1987ಕ್ಕೆ ಅಲ್ಲಿ 1113 ಆಗಬೇಕಿತ್ತು. ಗಡಿಯಾರವನ್ನು ಮುಂದಕ್ಕೆ ತಿರುಗಿಸಲಾಗಿತ್ತು. ಚಕ್ರವರ್ತಿಯ ಸೋದರ ಸಂಬಂಧದ ಹುಡುಗ ಲೂಕನ್ ಸಿಂಹಾಸನವೇರುತ್ತಾನೆ, ದುಲಿನೋರ್ ತಾನೇ ಚಕ್ರವರ್ತಿ ಎನ್ನುತ್ತಾನೆ, ಸತ್ತವನು ನಕಲಿ, ನಾನೇ ನಿಜವಾದ ಸ್ಟ್ರೆಫನ್ ಎಂದು ಇನ್ನೊಬ್ಬ ಎದ್ದು ನಿಲ್ಲುತ್ತಾನೆ. ಸಾಮ್ರಾಜ್ಯ ಹೋಳಾಗುತ್ತದೆ.

ಬರೆದವರ ದೃಷ್ಟಿಯಿಂದ ಇದಕ್ಕೆ ಕಾರಣವಿತ್ತು. ಎಲ್ಲವೂ ಶಾಂತವಾಗಿರುವ ಸಾಮ್ರಾಜ್ಯಕ್ಕಿಂತ ಒಡೆದ ಸಾಮ್ರಾಜ್ಯದಲ್ಲಿ ಸಾಹಸಕ್ಕೆ ಅವಕಾಶ ಹೆಚ್ಚು. ಆಟಗಾರರು ಯಾವ ಪಕ್ಷಕ್ಕೂ ಸೇರಬಹುದು. ಕೆಲವರು ಇದನ್ನು ಸ್ವಾಗತಿಸಿದರು, ಕೆಲವರು ಮುನಿಸಿಕೊಂಡರು.

ಆದರೆ 1993ರಲ್ಲಿ ಬಂದ ‘ಟ್ರಾವೆಲರ್: ದ ನ್ಯೂ ಇರಾ’ ಆವೃತ್ತಿ ಇನ್ನೂ ಮುಂದೆ ಹೋಯಿತು. 1130ರಲ್ಲಿ ‘ವೈರಸ್’ ಎಂಬ ಅಸ್ತ್ರ ಸಡಿಲಾಗುತ್ತದೆ. ಅದು ರೋಗದ ವೈರಸ್ ಅಲ್ಲ, ಯಂತ್ರದಿಂದ ಯಂತ್ರಕ್ಕೆ ಹರಡುವ, ತನ್ನದೇ ಪ್ರಜ್ಞೆಯುಳ್ಳ ಒಂದು ಗಣಕ ಜೀವಿ. ನೌಕೆಗಳು, ಬಂದರುಗಳು, ನಗರಗಳು ಎಲ್ಲದರ ಗಣಕಗಳೂ ಅದಕ್ಕೆ ಬಲಿ. ಬಹುಪಾಲು ನಾಗರಿಕತೆ ನಾಶವಾಗುತ್ತದೆ. ಆಟ ಸುಮಾರು 70 ವರ್ಷ ಮುಂದಕ್ಕೆ ಹಾರಿ, ಅವಶೇಷಗಳ ನಡುವೆ ಮತ್ತೆ ಆರಂಭವಾಗುತ್ತದೆ.

ಒಂದು ಕ್ಷಣ ಆಟಗಾರರ ಜಾಗದಲ್ಲಿ ನಿಂತು ನೋಡಿ. ಹದಿಮೂರು ಹದಿನಾಲ್ಕು ವರ್ಷ ಆಡಿದ್ದಾರೆ. ನಕ್ಷೆಗಳನ್ನು ಕೈಯಿಂದ ಬರೆದಿದ್ದಾರೆ. ತಮ್ಮ ಪಾತ್ರಗಳು ಉಳಿಸಿದ ಊರುಗಳಿವೆ, ಸಾಲ ತೀರಿಸಿಕೊಂಡ ನೌಕೆಗಳಿವೆ, ಕೆಲವು ಪಾತ್ರಗಳ ಮಕ್ಕಳೂ ದೊಡ್ಡವರಾಗಿದ್ದಾರೆ. ಅವೆಲ್ಲ ಒಂದು ಪುಸ್ತಕದ ಒಂದು ಪುಟದಲ್ಲಿ ಅಳಿದವು ಎಂದರೆ? ‘ನಿಮ್ಮ ಮೇಜಿನ ಮೇಲೆ ನೀವು ಹಳೆಯದನ್ನೇ ಆಡಿ, ಯಾರು ಬೇಡವೆಂದರು?’ ಎಂದು ಕೇಳಬಹುದು. ಮಾತು ಸರಿಯೇ. ಆದರೆ ಅಲ್ಲಿಂದ ಮುಂದೆ ಬರುವ ಪುಸ್ತಕಗಳು, ನಕ್ಷೆಗಳು, ಪತ್ರಿಕೆಯ ಲೇಖನಗಳು ಎಲ್ಲವೂ ಹೊಸ ಕಾಲಕ್ಕೆ ಸೇರಿದವು. ಹಳೆಯ ಲೋಕಕ್ಕೆ ಅಪ್ಪಣೆಯಿದೆ, ಆಹಾರವಿಲ್ಲ. ಅಧಿಕೃತ ಎಂಬ ಮಾತಿನ ನಿಜವಾದ ಬಲ ಇಲ್ಲಿದೆ. ಅದು ನಮ್ಮನ್ನು ತಡೆಯುವುದಿಲ್ಲ. ಆದರೆ ಮುಂದಿನ ಮಾತು ಯಾರ ಕುರಿತು ಎಂಬುದನ್ನು ನಿರ್ಧರಿಸುತ್ತದೆ.

1996ರಲ್ಲಿ ಗೇಮ್ ಡಿಸೈನರ್ಸ್ ವರ್ಕ್‌ಷಾಪ್ ಬಾಗಿಲು ಮುಚ್ಚಿತು. ಆಟ ಮಾತ್ರ ಮುಚ್ಚಲಿಲ್ಲ.

ಮರಳಿ ಹೋಗುವ ದಾರಿಗಳು

ಮುಂದೆ ಆಟವನ್ನು ತಂದವರು ಈ ಕಾಲಪಟ್ಟಿಯನ್ನು ಏನು ಮಾಡಿದರು ಎಂಬುದನ್ನು ಗಮನಿಸಿ. ಒಬ್ಬೊಬ್ಬರದು ಒಂದೊಂದು ದಾರಿ.

1996ರಲ್ಲಿ ಬಂದ ‘ಮಾರ್ಕ್ ಮಿಲ್ಲರ್ಸ್ ಟ್ರಾವೆಲರ್’ ಕಾಲದಲ್ಲಿ ಹಿಂದಕ್ಕೆ ಹೋಯಿತು. ಸಾಮ್ರಾಜ್ಯ ಆಗತಾನೆ ಸ್ಥಾಪನೆಯಾಗುತ್ತಿರುವ ಸೊನ್ನೆ ವರ್ಷವನ್ನು ಆರಿಸಿಕೊಂಡಿತು. ಮುಂದಿನ ಕೊನೆ ಗೊತ್ತಿದ್ದರೂ ಅದು ಸಾವಿರ ವರ್ಷ ದೂರವಿರುವುದರಿಂದ ಯಾರಿಗೂ ಬಾಧಕವಿಲ್ಲ.

1998ರಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಸಂಸ್ಥೆ ‘ಗರ್ಪ್ಸ್ ಟ್ರಾವೆಲರ್’ ಪ್ರಕಟಿಸಿತು. ಅದರ ಸಂಪಾದಕ ಮೂಲ ತಂಡದಲ್ಲಿದ್ದ ಲೋರೆನ್ ವೈಸ್‌ಮನ್. ಅವರು ಕವಲು ದಾರಿಯನ್ನು ಹಿಡಿದರು. ಈ ಕವಲಿನಲ್ಲಿ ದುಲಿನೋರ್ ಚಕ್ರವರ್ತಿಯನ್ನು ಕೊಲ್ಲುವ ಮೊದಲೇ ಸಾಯುತ್ತಾನೆ. ಆದ್ದರಿಂದ ಹತ್ಯೆಯಿಲ್ಲ, ದಂಗೆಯಿಲ್ಲ, ವೈರಸ್ಸೂ ಇಲ್ಲ. 1120ರಲ್ಲೂ ಸ್ಟ್ರೆಫನ್ ಆಳುತ್ತಿದ್ದಾನೆ. ಹಳೆಯ ದಾರಿ ಸುಳ್ಳು ಎಂದು ಅವರು ಹೇಳಲಿಲ್ಲ. ಇದು ಇನ್ನೊಂದು ದಾರಿ ಎಂದರು, ಅಷ್ಟೆ.

2002ರ ‘ಟ್ರಾವೆಲರ್ ಟ್ವೆಂಟಿ’ ಸಾಮ್ರಾಜ್ಯ ಶಕದ 990ರ ದಶಕಕ್ಕೆ ಹೋಗಿ, ಹಿಂದಿನವರು ಹೆಚ್ಚಾಗಿ ಮುಟ್ಟದೆ ಬಿಟ್ಟಿದ್ದ ಕಾಲವನ್ನೂ ಪ್ರದೇಶವನ್ನೂ ತುಂಬಿತು. 2008ರಲ್ಲಿ ಇಂಗ್ಲೆಂಡಿನ ಮಾಂಗೂಸ್ ಸಂಸ್ಥೆ ತಂದ ಆವೃತ್ತಿ ಮತ್ತೆ 1105ಕ್ಕೆ, ಅಂದರೆ 1979ರಲ್ಲಿ ಗಡಿಯಾರ ಓಡಲಾರಂಭಿಸಿದ ಹಂತಕ್ಕೆ ಬಂದು ನಿಂತಿತು. 2016ರಲ್ಲಿ ಅದರ ಎರಡನೆಯ ಆವೃತ್ತಿಯೂ ಬಂತು. ಮುಂದೆ ಏನಾಗುವುದೆಂದು ಹಳೆಯ ಆಟಗಾರರಿಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ನಿಮ್ಮ ಆಟದಲ್ಲಿ ಅದು ಆಗಲೇಬೇಕೆಂಬ ನಿಯಮವೂ ಇಲ್ಲ.

ಹಿಂದಕ್ಕೆ, ಪಕ್ಕಕ್ಕೆ, ನಡುವಿಗೆ, ಮರಳಿ ಮೊದಲಿಗೆ. ಈ ನಾಲ್ಕರಲ್ಲಿ ಯಾರೂ ಹಳೆಯ ಪುಟವನ್ನು ಹರಿದುಹಾಕಲಿಲ್ಲ ಎಂಬುದನ್ನು ನೆನಪಿಡಿ.

ನಿಜವಾದ ಇತಿಹಾಸ ಮುಂದೆ ಓಡಿದಾಗ

ಇದೇ ಸಂಸ್ಥೆಯ ಇನ್ನೊಂದು ಆಟದ ಕಥೆ ಇನ್ನೂ ಕೌತುಕದ್ದು. 1984ರಲ್ಲಿ ಬಂದ ‘ಟ್ವೈಲೈಟ್: 2000’ ಮೂರನೆಯ ಮಹಾಯುದ್ಧವನ್ನು ಕಲ್ಪಿಸಿತ್ತು. ಅದರ ಪ್ರಕಾರ 1990ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೂ ಪಶ್ಚಿಮದ ರಾಷ್ಟ್ರಗಳಿಗೂ ಯುದ್ಧ ನಡೆಯಬೇಕು. 1986ರಲ್ಲಿ ಬಂದ ಇನ್ನೊಂದು ಆಟ, ಮುಂದೆ ‘2300 ಎ.ಡಿ.’ ಎಂದು ಹೆಸರಾದದ್ದು, ಆ ಯುದ್ಧದ ನಂತರದ 300 ವರ್ಷಗಳ ಇತಿಹಾಸವನ್ನು ಕೊಟ್ಟಿತು. ಆ ಇತಿಹಾಸವನ್ನು ಅವರು ಬರಿದೇ ಕುಳಿತು ಬರೆಯಲಿಲ್ಲ. ಸಂಸ್ಥೆಯವರು ಒಬ್ಬೊಬ್ಬರೂ ಕೆಲವು ದೇಶಗಳನ್ನು ವಹಿಸಿಕೊಂಡು, ಆ ಮೂರು ಶತಮಾನಗಳನ್ನು ತಾವೇ ಒಂದು ದೊಡ್ಡ ಆಟವಾಗಿ ಆಡಿ, ಬಂದ ಫಲಿತಾಂಶವನ್ನು ಇತಿಹಾಸವೆಂದು ಅಚ್ಚು ಹಾಕಿದರು.

ಆದರೆ ನಿಜವಾದ ಲೋಕ ಸುಮ್ಮನಿರಲಿಲ್ಲ. 1989ರಲ್ಲಿ ಬರ್ಲಿನ್ ಗೋಡೆ ಉರುಳಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1990ರ ಆವೃತ್ತಿಯಲ್ಲಿ ಹಿನ್ನೆಲೆಯನ್ನು ಒಮ್ಮೆ ಬದಲಿಸಿದವರು 1993ರಲ್ಲಿ ಮತ್ತೊಮ್ಮೆ ಬದಲಿಸಬೇಕಾಯಿತು. ಕಲ್ಪಿತ ಕಾಲಪಟ್ಟಿಗೆ ಮಹಾಶತ್ರುವೆಂದರೆ ದಿನಪತ್ರಿಕೆ! 5626ರ ಕಥೆಗೆ ಈ ಭಯವಿಲ್ಲ. ಹತ್ತಿರದ ಭವಿಷ್ಯ ಬರೆಯುವವರಿಗೆ ಇದು ತಪ್ಪದು.

ನನ್ನದೊಂದು ತಪ್ಪು

ಇಷ್ಟೆಲ್ಲ ಹೇಳಿದ ಮೇಲೆ ನನ್ನದೇ ಕೆಲಸದ ಒಂದು ಸಂಗತಿಯನ್ನು ಹೇಳದಿದ್ದರೆ ನ್ಯಾಯವಾಗದು.

ಚಿತ್ರೀಕರಣದಲ್ಲಿ ಕಂಟಿನ್ಯುಟಿ ಎಂಬುದೊಂದಿದೆ. ಇಂದು ತೆಗೆದ ದೃಶ್ಯದಲ್ಲಿ ಪಾತ್ರಧಾರಿಯ ಗಡಿಯಾರ ಎಡಗೈಯಲ್ಲಿದ್ದರೆ ನಾಳೆ ತೆಗೆಯುವ ಮುಂದುವರಿದ ದೃಶ್ಯದಲ್ಲೂ ಎಡಗೈಯಲ್ಲೇ ಇರಬೇಕು. ಅದನ್ನು ಬರೆದಿಡಲು ಒಂದು ನೋಟ್‌ಬುಕ್ ಇರುತ್ತದೆ. ಆ ನೋಟ್‌ಬುಕ್ಕೇ ನಮ್ಮ ಪ್ರಮಾಣ. ಆದರೆ ಇಸವಿಗಳಿಗೆ ಅಂಥ ನೋಟ್‌ಬುಕ್ ಇಡಬೇಕೆಂದು ನನಗೆ ಹೊಳೆದಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮಕ್ಕಳ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ, 1956ರ ನವೆಂಬರ್ 1ರಂದು ನಮ್ಮ ರಾಜ್ಯ ಕರ್ನಾಟಕ ಎಂಬ ಹೆಸರಿನಲ್ಲಿ ಉದಯವಾಯಿತು ಎಂಬ ಬರಹವನ್ನು ತೆರೆಯ ಮೇಲೆ ಹಾಕಿಬಿಟ್ಟೆ. 1956ರಲ್ಲಿ ಏಕೀಕರಣವಾದದ್ದು ನಿಜ. ಆದರೆ ಆಗ ಹೆಸರು ಮೈಸೂರು ರಾಜ್ಯ. ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು.

ಯಾರೋ ಗಮನಕ್ಕೆ ತಂದರು. ಮರುಪ್ರಸಾರಕ್ಕೆ ಮೊದಲು ಆ ಬರಹವನ್ನು ಸದ್ದಿಲ್ಲದೆ ಬದಲಿಸಿದೆ. ಕೆಲಸ ಮುಗಿಯಿತು ಎಂದುಕೊಂಡೆ. ಒಂದು ತಿಂಗಳ ಬಳಿಕ ಹೈಸ್ಕೂಲು ಹುಡುಗಿಯೊಬ್ಬಳ ಕಾಗದ ಬಂತು. ಅವಳು ಎರಡು ಪ್ರಸಾರಗಳನ್ನೂ ನೋಡಿದ್ದಳು. ಮೊದಲ ಸಲ ನೋಡಿ ಬರೆದುಕೊಂಡದ್ದನ್ನೇ ಶಾಲೆಯ ಸ್ಪರ್ಧೆಯಲ್ಲಿ ಹೇಳಿ ಅಂಕ ಕಳೆದುಕೊಂಡಿದ್ದಳು. ‘ಸರ್, ನಾನು ತಪ್ಪಾಗಿ ಬರೆದುಕೊಂಡೆನೋ, ನೀವು ತಪ್ಪಾಗಿ ತೋರಿಸಿದಿರೋ?’ ಎಂಬುದು ಅವಳ ಪ್ರಶ್ನೆ.

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ತಪ್ಪು ಮಾಡಿದ್ದಕ್ಕಿಂತ ಸದ್ದಿಲ್ಲದೆ ತಿದ್ದಿದ್ದೇ ದೊಡ್ಡ ತಪ್ಪಾಗಿತ್ತು. ಅವಳು ತನ್ನ ಕಣ್ಣನ್ನೇ ಅನುಮಾನಿಸುವಂತೆ ಮಾಡಿದ್ದೆ. ತಪ್ಪು ನನ್ನದೆಂದು ಅವಳಿಗೆ ಉತ್ತರ ಬರೆದೆ. ಮುಂದಿನ ಕಂತಿನ ಆರಂಭದಲ್ಲಿ ತಿದ್ದುಪಡಿಯನ್ನು ಬಾಯಿಬಿಟ್ಟು ಹೇಳಿಸಿದೆ. ಅಂದಿನಿಂದ ನನ್ನ ಮೇಜಿನ ಮೇಲೆ ಇಸವಿಗಳಿಗೊಂದು ಬೇರೆ ನೋಟ್‌ಬುಕ್ ಇದೆ. ಪ್ರತಿ ಇಸವಿಯ ಮುಂದೆ ಅದು ಎಲ್ಲಿಂದ ಬಂತು, ಯಾವ ದಿನ ಬರೆದೆ, ಹಿಂದೆ ಬೇರೆ ಬರೆದಿದ್ದರೆ ಅದೇನು ಎಂಬುದಿರುತ್ತದೆ. ಹಳೆಯದನ್ನು ಒಂದೇ ಗೆರೆಯಿಂದ ಹೊಡೆಯುತ್ತೇನೆ, ಓದಲು ಬರುವಂತೆ.

ನಿಮಗೆ ಉಳಿಯುವುದೇನು?

ಆಟದ ಲೋಕಕ್ಕೆ ಒಡೆಯನಿದ್ದಾನೆ. ‘ಚಕ್ರವರ್ತಿ ಸತ್ತ’ ಎಂದು ಕರ್ತೃ ಬರೆದರೆ ಅಧಿಕೃತ ಪಾಠದಲ್ಲಿ ಅವನು ಸತ್ತಂತೆಯೇ. ಇಷ್ಟವಾಗದಿದ್ದರೆ ನಿಮ್ಮ ಮೇಜಿನ ಮೇಲೆ ಅವನನ್ನು ಬದುಕಿಸಿಕೊಳ್ಳಬಹುದು. ಎರಡೂ ಸರಿ.

ನಡೆದ ಇತಿಹಾಸಕ್ಕೆ ಅಂಥ ಒಡೆಯನಿಲ್ಲ. ಪಠ್ಯಪುಸ್ತಕದಲ್ಲಿ ಅಚ್ಚಾದದ್ದರಿಂದಾಗಲಿ, ದೂರದರ್ಶನದ ತೆರೆಯ ಮೇಲೆ ಬಂದದ್ದರಿಂದಾಗಲಿ ಒಂದು ಘಟನೆ ನಡೆದಂತಾಗುವುದಿಲ್ಲ. ಅಲ್ಲಿ ‘ನನ್ನ ವಿಶ್ವದಲ್ಲಿ ಹೀಗೆ’ ಎನ್ನುವ ಸ್ವಾತಂತ್ರ್ಯ ನಿಮಗೂ ಇಲ್ಲ, ನನಗೂ ಇಲ್ಲ, ಯಾವ ಸರ್ಕಾರಕ್ಕೂ ಇಲ್ಲ. ಶಾಸನ, ಕಡತ, ನಾಣ್ಯ, ಸಮಕಾಲೀನರ ಬರಹ, ಇವು ಹೇಳಿದಷ್ಟೇ ನಮ್ಮ ಪಾಲಿನದು. ಅವು ಒಂದಕ್ಕೊಂದು ಹೊಂದದಿದ್ದರೆ ಹೊಂದುವುದಿಲ್ಲ ಎಂದೇ ಬರೆಯಬೇಕು.

ಇಷ್ಟಾದರೂ ಆಟಗಾರರಿಂದ ಕಲಿಯುವುದಿದೆ. ಯಾವ ಮಾತು ಯಾವ ಪುಸ್ತಕದ್ದು, ಯಾವ ಆವೃತ್ತಿಯದು ಎಂದು ಅವರು ಗುರುತಿಟ್ಟುಕೊಳ್ಳುತ್ತಾರೆ. ಹಳೆಯ ಪಾಠವನ್ನು ಎಸೆಯುವುದಿಲ್ಲ. ಹೊಸದು ಹಳೆಯದಕ್ಕೆ ವಿರುದ್ಧವಾದಾಗ ಅದನ್ನು ಬಚ್ಚಿಡದೆ ಎತ್ತಿ ತೋರಿಸುತ್ತಾರೆ. ನಡೆಯದ ಇತಿಹಾಸಕ್ಕೆ ಇಷ್ಟು ಶ್ರದ್ಧೆ ತೋರುವವರಿದ್ದಾರೆ. ನಡೆದ ಇತಿಹಾಸಕ್ಕೆ ನಾವು ಇದಕ್ಕಿಂತ ಕಡಿಮೆ ಶ್ರದ್ಧೆ ತೋರಿದರೆ ನಾಚಿಕೆಯ ವಿಷಯ.

ಈ ವಾರ ನೀವು ಒಂದು ಕೆಲಸ ಮಾಡಿ. ನಿಮ್ಮ ಊರಿನ ಶಾಲೆ, ಕೆರೆ, ದೇವಸ್ಥಾನ, ಗ್ರಂಥಾಲಯ, ಯಾವುದಾದರೊಂದು ಆರಿಸಿಕೊಳ್ಳಿ. ಅದು ಯಾವಾಗ ಆಯಿತೆಂದು ಮೂವರು ಹಿರಿಯರನ್ನು ಕೇಳಿ. ಒಂದು ಫಲಕವನ್ನೋ ಕಡತವನ್ನೋ ನೋಡಿ. ಉತ್ತರಗಳು ಒಂದೇ ಆಗಿರಲಿಕ್ಕಿಲ್ಲ. ಎಲ್ಲವನ್ನೂ ಬರೆದುಕೊಳ್ಳಿ. ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂಬುದನ್ನೂ ಬರೆಯಿರಿ. ಆಮೇಲೆ ಯಾವುದನ್ನು ನಂಬುವಿರಿ, ಏಕೆ ಎಂದು ಕೊನೆಯಲ್ಲಿ ಎರಡು ಸಾಲು ಸೇರಿಸಿ. ಮುಂದೆ ಎಂದಾದರೂ ಅದು ತಪ್ಪೆಂದು ತಿಳಿದರೆ ಅಳಿಸಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಕೆಳಗೆ ಅಂದಿನ ದಿನಾಂಕ ಹಾಕಿ.